ಹಂಸಳಿಗೆ ಹೇಳದ ಮಾತು

ಬೇರೆಯವರ ಮನಸ್ಸಿನ ಮಾತು ಕೇಳುವುದೇ ಹಂಸಳ ಕೆಲಸ. ಹಾಸನದ ಹೊಸ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ ಅವಳ ಕೋಣೆ. ಬಾಗಿಲಿಗೆ ‘ಆಪ್ತ ಸಮಾಲೋಚಕಿ’ ಎಂಬ ಬೋರ್ಡು, ಹೊರಗೆ ಗೋಡೆಗೊರಗಿಸಿದ ಒಂದು ಉದ್ದನೆಯ ಬೆಂಚು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಸ್ಸು ಹಿಡಿದು ಜನ ಬರುತ್ತಾರೆ. ಜೊತೆಗೆ ಬಂದವರನ್ನು ಬೆಂಚಿನ ಮೇಲೆ ಕೂರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಮನೆಯಲ್ಲಿ ಯಾರಿಗೂ ಹೇಳದ್ದನ್ನು ಹಂಸಳಿಗೆ ಹೇಳುತ್ತಾರೆ. ಇಷ್ಟೊಂದು ಜನರ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡವಳಿಗೆ ಹೆತ್ತ ತಾಯಿ ಮಾತ್ರ ಏನನ್ನೂ ಹೇಳುತ್ತಿರಲಿಲ್ಲ. ಅವಳು ಈ ಕೆಲಸಕ್ಕೆ ಬಂದದ್ದೇ ಅದರಿಂದ. ಆದರೆ ಹಾಗಂತ ಯಾರ ಮುಂದೆ ಒಪ್ಪಿಕೊಂಡಾಳು? ಯಾಕೆ ಈ ಲೈನಿಗೆ ಬಂದಿರಿ ಎಂದು ಕೇಳಿದವರಿಗೆಲ್ಲ, ಜನರಿಗೆ ಸಹಾಯ ಮಾಡಬೇಕೆಂದು ಚಿಕ್ಕಂದಿನಿಂದ ಆಸೆಯಿತ್ತು ಎಂದು ಮೆಲ್ಲಗೆ ನಗುತ್ತಾಳೆ.

ಸಹಾಯವಂತೆ! ಅದು ಅಪ್ಪಟ ಹೊಟ್ಟೆಕಿಚ್ಚು.

ಹೊಳೆನರಸೀಪುರದಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಅವರ ಮನೆಯಿತ್ತು. ಅಪ್ಪ ಯೋಗಾನರಸಿಂಹ ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟ್ರು. ಅಮ್ಮ ಸುಂದರಮ್ಮ. ಇಬ್ಬರ ತಲೆಯ ಮೇಲೂ ಅಪ್ಪನ ತಾಯಿ, ಮಡಿ ಅಜ್ಜಿ. ಬೀದಿಯ ತುದಿಯಲ್ಲಿ ಯಾರಾದರೂ ಈರುಳ್ಳಿ ಹೆಚ್ಚಿದರೆ ಇಲ್ಲಿ ಮೂಗಿಗೆ ಸೆರಗು ಹಿಡಿಯುವಾಕೆ. ಹಂಸ ಸಣ್ಣ ಹುಡುಗಿಯಾಗಿದ್ದಾಗ ಒಂದು ಸಂಜೆ ಸುಂದರಮ್ಮ ಬಟ್ಟೆ ಅಂಗಡಿಗೆ ಹೋಗಿಬರುತ್ತೇನೆಂದು ಅವಳನ್ನು ಕರೆದುಕೊಂಡು ಹೊರಟು, ಬಸ್ ಸ್ಟ್ಯಾಂಡಿನ ಹತ್ತಿರ ತಳ್ಳುಗಾಡಿಯಲ್ಲಿ ಬಿಸಿ ಬಿಸಿ ಈರುಳ್ಳಿ ಬೋಂಡಾ ಕೊಂಡು ನಿಂತಲ್ಲೇ ತಿಂದಳು. ಬಾಯಿ ಸುಟ್ಟುಕೊಂಡು ನಕ್ಕಳು. ಮಗಳಿಗೂ ತಿನ್ನಿಸಿ, ತುಟಿ ಒರೆಸಿ, “ಯಾರಿಗೂ ಹೇಳ್ಬೇಡ ಪುಟ್ಟಿ” ಎಂದಳು. ಅಮ್ಮ ಹಾಗೆ ನಗಬಲ್ಲಳೆಂದು ಹಂಸಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆ ಸಂಭ್ರಮವನ್ನು ಒಳಗಿಟ್ಟುಕೊಳ್ಳಲಾಗದೆ ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿಬಿಟ್ಟಳು.

ಅಪ್ಪ ತಲೆ ತಗ್ಗಿಸಿ ಊಟ ಮುಗಿಸಿ ಎದ್ದುಹೋದರು. ಅಜ್ಜಿ ಮಾತ್ರ ಎಲೆ ಬಿಟ್ಟು ಎದ್ದವಳು, ಆ ಮಳೆಗಾಲ ಕಳೆಯುವವರೆಗೆ ಸೊಸೆಯ ಕೈಯಿಂದ ಒಂದು ಲೋಟ ನೀರನ್ನೂ ಮುಟ್ಟಲಿಲ್ಲ. ಬಂದವರಿಗೆಲ್ಲ ಬೀದಿಬದಿಯ ಬೋಂಡಾದ ಕತೆಯನ್ನು ಹೊಸದಾಗಿ ಹೇಳುತ್ತಿದ್ದಳು. ಸುಂದರಮ್ಮ ಮಗಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಹೇಳುವುದನ್ನು ನಿಲ್ಲಿಸಿದಳು, ಅಷ್ಟೆ.

ಅಮ್ಮನ ಮಾತೆಲ್ಲ ತಂಗಿ ವೈಜುವಿನ ಪಾಲಾಯಿತು. ಬೇಸಿಗೆಯಲ್ಲಿ ತಾರಸಿಯ ಮೇಲೆ ಹಪ್ಪಳ ಒಣಹಾಕುವಾಗ ಅಮ್ಮನೂ ವೈಜುವೂ ತಲೆಗೆ ತಲೆ ಕೊಟ್ಟು ಕೂತು ಪಿಸುಗುಟ್ಟುತ್ತಿದ್ದರು, ಮಧ್ಯೆ ಮಧ್ಯೆ ಕಿಸಕ್ಕನೆ ನಗುತ್ತಿದ್ದರು. ಹಂಸ ಹಿಟ್ಟಿನುಂಡೆಯ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರೆ ಮಾತು ನಿಂತುಹೋಗುತ್ತಿತ್ತು. “ಏನಮ್ಮಾ?” ಎಂದರೆ “ಏನಿಲ್ಲ, ತಟ್ಟೆ ಅಲ್ಲಿಡು” ಎನ್ನುತ್ತಿದ್ದಳು ಅಮ್ಮ. ಆ ‘ಏನಿಲ್ಲ’ವನ್ನು ಕೇಳಿ ಕೇಳಿ ಹಂಸಳ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತಿತ್ತು. ತಂಗಿಯ ಹಪ್ಪಳವನ್ನು ಬೇಕೆಂದೇ ತುಳಿದು ಅಮ್ಮನಿಂದ ಬೈಸಿಕೊಂಡದ್ದೂ ಉಂಟು. ಬೈಗುಳವಾದರೂ ತನಗೇ ಎಂದು ಸಿಕ್ಕ ಮಾತಲ್ಲವೇ!

ಹಾಸನದಲ್ಲಿ ಡಿಗ್ರಿ, ಮೈಸೂರಿನಲ್ಲಿ ಮನಃಶಾಸ್ತ್ರದ ಎಂ.ಎಸ್‌ಸಿ. ಮುಗಿಸಿ ಅವಳು ಅರಕಲಗೂಡಿನ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದಳು. ಒಂದು ಮಧ್ಯಾಹ್ನ ಕ್ಲಾಸು ಮುಗಿದ ಮೇಲೂ ಸ್ನೇಹಲತಾ ಎಂಬ ವಿದ್ಯಾರ್ಥಿನಿ ಬೆಂಚು ಬಿಟ್ಟು ಏಳಲಿಲ್ಲ. ಹಂಸ ಹತ್ತಿರ ಹೋಗಿ ಕೂತಳು. ಆ ಹುಡುಗಿ ಅಳುತ್ತಾ, “ಮಿಸ್, ನಮ್ಮವ್ವಂಗೂ ಏಳಿಲ್ಲ, ನಿಮ್ಗೇ ಮೊದ್ಲು ಏಳ್ತಾ ಇರಾದು” ಎಂದಳು. ಅವ್ವನಿಗೂ ಹೇಳಿಲ್ಲ! ಹಂಸಳ ಮೈ ಜುಮ್ಮೆಂದಿತು. ಹುಡುಗಿಯ ಕಷ್ಟ ಕೇಳಿ ಮರುಕವೂ ಆಯಿತು, ಇಲ್ಲವೆನ್ನಲಾಗದು. ಆದರೆ ಮೊದಲು ಆದದ್ದು ಖುಷಿ. ಅವತ್ತು ಹತ್ತಿದ ರುಚಿ ಬಿಡಲಿಲ್ಲ. ಆಪ್ತ ಸಮಾಲೋಚನೆಯ ಡಿಪ್ಲೊಮಾ ಮಾಡಿದಳು, ಚನ್ನರಾಯಪಟ್ಟಣದ ಒಂದು ಕೌಟುಂಬಿಕ ಸಲಹಾ ಕೇಂದ್ರದಲ್ಲಿ ಕೆಲವು ವರ್ಷ ದುಡಿದಳು. ಬ್ಯಾಂಕಿನಲ್ಲಿದ್ದ ಗಂಡನಿಗೆ ವರ್ಗವಾದಾಗ ಹಾಸನಕ್ಕೆ ಬಂದು ಈ ಕೋಣೆ ಹಿಡಿದಳು.

ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಗುಟ್ಟು ಕಾಯುವುದರಲ್ಲಂತೂ ಅವಳನ್ನು ಮೀರಿಸುವವರಿರಲಿಲ್ಲ. ಅರಕಲಗೂಡಿನ ಕಡೆಯ ಕಾಂತರಾಜು ಎಂಬ ದೊಡ್ಡ ಜಮೀನುದಾರ ಹೆಂಡತಿಯನ್ನು ಕರೆತಂದು ಬೆಂಚಿನ ಮೇಲೆ ಕೂರುತ್ತಿದ್ದ. ಒಂದು ದಿನ ತಡೆಯಲಾರದೆ ಬಾಗಿಲಿಗೆ ಬಂದು ನಿಂತ.

“ಏನಂದ್ಲು ಮೇಡಂ?”

“ಅದನ್ನ ಹೇಳೋ ಹಾಗಿಲ್ಲ.”

“ಇಷ್ಟ್ ವರ್ಸ ಜೊತೇಲಿ ಬಾಳಾಟ ಮಾಡಿವ್ನಿ. ನಂಗೇಳ್ದೆ ಇರಾದ್ನ ನಿಮ್ಗೇಳ್ತಾಳಾ?”

“ಅವರನ್ನೇ ಕೇಳಿ” ಎಂದು ಹಂಸ ಬಾಗಿಲು ಎಳೆದುಕೊಂಡಳು. ಅವನ ಮುಖ ಸಪ್ಪಗಾದದ್ದನ್ನು ನೋಡಿ ಅವಳಿಗೆ ಒಳಗೊಳಗೇ ಹಿಗ್ಗಾಯಿತು. ನಿಯಮ ಕಾಪಾಡಿದ ಹಿಗ್ಗು ಎಂದು ಅವಳು ಅಂದುಕೊಂಡಳು.

ಹೀಗಿರುವಾಗ ಪಕ್ಕದ ಕೋಣೆಗೆ ಇನ್ನೊಬ್ಬ ಸಮಾಲೋಚಕಿಯಾಗಿ ಮೇಘಶ್ರೀ ಬಂದಳು. ಹಿರೀಸಾವೆಯ ಹುಡುಗಿ, ಹಂಸಳಿಗಿಂತ ಬಹಳ ಚಿಕ್ಕವಳು. ಅವಳ ತಂದೆ ಚನ್ನಪ್ಪನದು ಹೈವೇ ಪಕ್ಕದಲ್ಲಿ ಹೋಟೆಲು. ಲಾರಿ ಡ್ರೈವರುಗಳಿಂದ ಹಿಡಿದು ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರವರೆಗೆ ಎಲ್ಲರನ್ನೂ ಮಾತಾಡಿಸುತ್ತ ಗಲ್ಲಾಪೆಟ್ಟಿಗೆಯ ಪಕ್ಕ ಬೆಳೆದವಳು. ಓದಿನಲ್ಲಿ ಹಂಸಳಿಗೆ ಕಡಿಮೆಯೇನಲ್ಲ. ಆದರೆ ಹಂಸ ಎದುರಿಗೆ ಬಂದವರನ್ನು “ನಿಮಗೆ ಹೇಗನ್ನಿಸ್ತಿದೆ?” ಎಂದು ಕೇಳಿ ಕಾಯುವವಳಾದರೆ, ಮೇಘಶ್ರೀ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು “ಅಳು ಬತ್ತದಾ? ಅತ್ಬುಡಿ ಕಣಮ್ಮ, ಇಲ್ಲಿ ಯಾರವ್ರೆ ನೋಡಕೆ” ಎನ್ನುವವಳು. ಒಂದು ವರ್ಷ ತುಂಬುವುದರೊಳಗೆ ಜನ ಮೆಟ್ಟಿಲು ಹತ್ತಿ ಬಂದು ಹಂಸಳ ಬಾಗಿಲಲ್ಲಿ ಇಣುಕಿ, “ಆ ಇನ್ನೊಬ್ರು ಮೇಡಂ ಇಲ್ವಾ?” ಎಂದು ಕೇಳತೊಡಗಿದರು. ಹಂಸ ನಗುಮುಖದಿಂದಲೇ ಪಕ್ಕದ ಬಾಗಿಲು ತೋರಿಸುತ್ತಿದ್ದಳು. ಮನೆಗೆ ಹೋಗಿ ಗಂಡನ ಮುಂದೆ, “ಅದು ಕೌನ್ಸೆಲಿಂಗ್ ಅಲ್ಲ, ಕಟ್ಟೆ ಹರಟೆ” ಎಂದು ಮೂಗು ಮುರಿಯುತ್ತಿದ್ದಳು. ಗೋಡೆಯಾಚೆಯಿಂದ ನಗು ಕೇಳಿದಾಗಲೆಲ್ಲ ಅವಳಿಗೆ ತಾರಸಿಯ ಹಪ್ಪಳ ನೆನಪಾಗುತ್ತಿತ್ತು.

ಕಳೆದ ವರ್ಷ ಅಪ್ಪ ತೀರಿಕೊಂಡರು. ಹಂಸ ಅಮ್ಮನನ್ನು ಹಾಸನಕ್ಕೆ ಕರೆತಂದಳು. ಸುಂದರಮ್ಮ ಬಂದವಳು ಕಿಟಕಿಯ ಪಕ್ಕ ಕೂತಳು, ಕೂತೇ ಇದ್ದಳು. ಅಪ್ಪನ ಪಂಚೆಗಳನ್ನು ಬಿಚ್ಚುವಳು, ಮತ್ತೆ ಮಡಿಸುವಳು. ಊಟ ಸೇರದು, ನಿದ್ದೆ ಬಾರದು. ಮೈಸೂರಿನಿಂದ ವೈಜು ಫೋನು ಮಾಡಿದರೂ ಹೂಂ, ಉಹೂಂ ಅಷ್ಟೆ. ಹಂಸಳಿಗೆ ದಿಗಿಲಾಯಿತು. ಆದರೆ ದಿಗಿಲಿನ ಅಡಿಯಲ್ಲಿ ಒಂದು ಆಸೆಯೂ ಮಿಸುಕಿತು: ಈಗ ವೈಜುವಿಗೂ ಹೇಳುತ್ತಿಲ್ಲ, ಈಗಲಾದರೂ ನನಗೆ ಹೇಳಿಯಾಳು. ಅಮ್ಮನ ತಟ್ಟೆಯ ಮುಂದೆ ಕೂತು, ಕೋಣೆಗೆ ಬಂದವರನ್ನು ಕೇಳುವ ದನಿಯಲ್ಲೇ “ಹೇಗನ್ನಿಸ್ತಿದೆ ಅಮ್ಮಾ?” ಎಂದಳು.

“ಏನನ್ನಿಸ್ಬೇಕು? ಏನಿಲ್ಲ” ಎಂದಳು ಅಮ್ಮ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಸ್ವಂತದವರನ್ನು ತಾವೇ ನೋಡಬಾರದು, ಬೇರೆಯವರ ಬಳಿ ಕಳಿಸಬೇಕು. ಊರಿನಲ್ಲಿ ಬೇರೆ ಯಾರೂ ಇರಲಿಲ್ಲವೇ? ಇದ್ದರು. ಆದರೂ ಹಂಸ ಅಮ್ಮನನ್ನು ಮೇಘಶ್ರೀಯ ಹತ್ತಿರವೇ ಬಿಟ್ಟಳು. ಯಾಕೆಂದರೆ, ಮಡಿ ಮನೆಯ ಸುಂದರಮ್ಮ ಹೋಟೆಲು ಚನ್ನಪ್ಪನ ಮಗಳ ಮುಂದೆ ಬಾಯಿ ಬಿಡುವುದಿಲ್ಲವೆಂದು ಅವಳಿಗೆ ಗಟ್ಟಿ ನಂಬಿಕೆಯಿತ್ತು. ತನಗೆ ಹೇಳದ ಅಮ್ಮ ಇವಳಿಗೂ ಹೇಳದಿದ್ದರೆ ಒಂದು ಬಗೆಯ ನ್ಯಾಯ ಸಿಕ್ಕಂತೆ. ತಾಯಿಗೆ ವಾಸಿಯಾಗಲೆಂದು ಕಳಿಸಿದ ಮಗಳು, ವಾಸಿಯಾಗದಿರಲೆಂದೂ ಒಂದು ಮೂಲೆಯಲ್ಲಿ ಬಯಸಿದಳು ಅಂದರೆ ನಂಬುತ್ತೀರಾ? ನಂಬಿ.

“ಬನ್ನಿ ಅಮ್ಮಾವ್ರೆ” ಎಂದು ಮೇಘಶ್ರೀ ಕೈಹಿಡಿದು ಒಳಗೆ ಕರೆದುಕೊಂಡಳು. ಮೊದಲ ಗುರುವಾರ ಗೋಡೆಯಾಚೆ ಸದ್ದೇ ಇಲ್ಲ. ಹಂಸಳಿಗೆ ಹಾಯೆನಿಸಿತು. ಮುಂದಿನ ವಾರ ಯಾರೋ ಬಿಕ್ಕಿದಂತೆ ಕೇಳಿತು. ಅದರ ಮುಂದಿನ ವಾರ ಅಮ್ಮ ನಕ್ಕಳು. ಬೋಂಡಾ ಗಾಡಿಯ ಮುಂದೆ ನಕ್ಕ ಅದೇ ನಗು. ಆಗ ಹಂಸಳ ಎದುರಿಗೆ ಜಿನನಾಥಪುರದ ಟೀಚರೊಬ್ಬರು ಕೂತು ತಮ್ಮ ಅತ್ತೆಯ ವಿಷಯ ಹೇಳುತ್ತಿದ್ದರು. ಅವರ ಅತ್ತೆ ಏನು ಮಾಡಿದರೆಂದು ಹಂಸ ಎರಡನೇ ಸಲ ಕೇಳಬೇಕಾಯಿತು.

ಅಮ್ಮ ಊಟ ಮಾಡತೊಡಗಿದಳು. ಪಂಚೆಗಳು ಬೀರು ಸೇರಿದವು. ಬೆಳಿಗ್ಗೆ ತಾನೇ ಡಿಕಾಕ್ಷನ್ ಇಳಿಸಿ ಕಾಫಿ ಬೆರೆಸಿ ಮಗಳಿಗೂ ಒಂದು ಲೋಟ ಇಡುತ್ತಿದ್ದಳು. ಹಂಸ ಆ ಕಾಫಿಯನ್ನು ಕುಡಿಯುತ್ತಾ, ಏನು ಹೇಳಿದಳು, ಅವಳಿಗೇನು ಹೇಳಿದಳು ಎಂದು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದಳು. ಮೇಘಶ್ರೀಯ ಹತ್ತಿರ ಒಮ್ಮೆ ಅಡ್ಡಮಾತಿನಲ್ಲಿ ಕೆದಕಿಯೂ ನೋಡಿದಳು. ಅವಳು “ಚೆನ್ನಾಗವ್ರೆ ಮೇಡಂ” ಎಂದು ಮಾತು ತೇಲಿಸಿದಳು.

ತಿಂಗಳ ಕೊನೆಯ ಶನಿವಾರ ಈ ಕೆಲಸದವರ ಕೂಟ. ಸುತ್ತಲ ತಾಲ್ಲೂಕುಗಳಿಂದ ಸಮಾಲೋಚಕರು ಬಂದು ಸೇರುತ್ತಾರೆ. ಮೈಸೂರಿನಿಂದ ಒಬ್ಬ ಹಿರಿಯರು ಬರುತ್ತಾರೆ. ತಮಗೆ ಬಿಡಿಸಲು ಕಷ್ಟವಾದದ್ದನ್ನು ಒಬ್ಬೊಬ್ಬರೂ ಮುಂದಿಡಬೇಕು. ಸಲಹೆಗೆ ಬಂದವರ ಹೆಸರು ಹೇಳುವಂತಿಲ್ಲ. ಊರು, ಕಸುಬು, ವಯಸ್ಸು ಎಲ್ಲವನ್ನೂ ಬದಲಿಸಿ, ಗುರುತು ಸಿಗದ ಹಾಗೆ ಹೇಳಬೇಕು. ಅವರೆಲ್ಲರಿಗೂ ಅದು ಎಷ್ಟು ರೂಢಿಯೆಂದರೆ, ರೈತ ಎಂದರೆ ಗುಮಾಸ್ತನಿರಬಹುದು, ಅರಕಲಗೂಡು ಎಂದರೆ ಹಾಸನವಿರಬಹುದು ಎಂದು ಕೇಳುತ್ತಲೇ ಅಂದುಕೊಳ್ಳುತ್ತಾರೆ.

ಆ ಶನಿವಾರ ಮೇಘಶ್ರೀಯ ಸರದಿ ಬಂತು.

“ಒಬ್ಬರು ವಯಸ್ಸಾದ ಹೆಂಗಸು, ಹಳ್ಳಿಯವರು, ಬೇಸಾಯದ ಮನೆ. ಗಂಡ ತೀರಿಕೊಂಡಿದ್ದಾರೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡ ಮಗಳು ಓದಿದವಳು, ಚೆನ್ನಾಗಿ ನೋಡ್ಕೋತಾಳೆ. ಆದ್ರೆ ಇವರಿಗೆ ಅವಳನ್ನ ಕಂಡ್ರೆ ಭಯ. ಅವಳು ಏನಾದ್ರೂ ಕೇಳಿದ್ರೆ ಪರೀಕ್ಷೆಗೆ ಕೂತ ಹಾಗಾಗುತ್ತೆ, ಅವಳು ಮನೆಯಿಂದ ಆಚೆ ಹೋದ್ರೆ ಉಸಿರು ಬರುತ್ತೆ ಅಂತಾರೆ.”

ಹಂಸಳ ಕಿವಿಗಳು ಕಾದುಹೋದವು. ಹಳ್ಳಿಯಂತೆ, ಬೇಸಾಯವಂತೆ, ವೇಷ ಹಾಕಲು ಇವಳಿಗೆ ಇಷ್ಟೇ ಗೊತ್ತೇ? ಹಿರಿಯರು ಗಲ್ಲ ಸವರಿಕೊಳ್ಳುತ್ತಾ, “ಪಾಪ, ಆ ಮಗಳಿಗೂ ಇದು ಗೊತ್ತಿರಲಾರದು” ಎಂದರು. ಎಲ್ಲರೂ ತಲೆದೂಗಿದರು. ಹಂಸಳೂ ತಲೆದೂಗಿದಳು. ಮುಗಿದ ಮೇಲೆ ಟೀ ಕುಡಿಯಲೂ ನಿಲ್ಲದೆ ಆಟೋ ಹತ್ತಿದಳು.

ಸುಂದರಮ್ಮ ನಡುಮನೆಯಲ್ಲಿ ನೆನೆಸಿದ ಅವರೆಕಾಳನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಹಿದುಕುತ್ತಿದ್ದಳು. ಹಂಸ ಚಪ್ಪಲಿಯನ್ನೂ ಬಿಡಲಿಲ್ಲ.

“ನನ್ನ ಕಂಡ್ರೆ ಭಯ ಅಂದ್ಯಂತೆ. ನಾನು ಆಚೆ ಹೋದ್ರೆ ಉಸಿರು ಬರುತ್ತಂತೆ.”

ಅಮ್ಮನ ಬೆರಳಿನಿಂದ ಕಾಳು ಜಾರಿತು. “ಯಾರು ಹೇಳಿದ್ದು?”

“ಯಾರೋ ಹೇಳಿದ್ರು. ಅಂದ್ಯೋ ಇಲ್ವೋ?”

“ಇಲ್ಲಿ ಆಡಿದ್ದು ಗೋಡೆಗೂ ಗೊತ್ತಾಗಲ್ಲ ಅಂದಿದ್ಲು ಆ ಹುಡುಗಿ” ಎಂದಳು ಸುಂದರಮ್ಮ, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ಮಗಳ ಮುಖ ನೋಡಿ, “ನಾನು ಹಾಗೆ ಅಂದಿಲ್ಲ ಕಣೆ. ನಿನ್ನ ವಿಷಯ ಅಲ್ಲಿ ಎತ್ತೇ ಇಲ್ಲ” ಎಂದಳು.

ಎತ್ತೇ ಇಲ್ಲ! ಬೈದಿದ್ದರೂ ಸಹಿಸಬಹುದಿತ್ತು. ಇಷ್ಟು ವಾರ ಕೂತು, ಅತ್ತು, ನಕ್ಕು, ಅದರಲ್ಲಿ ತನ್ನ ಹೆಸರೇ ಬರಲಿಲ್ಲವೆಂಬುದು ಹಂಸಳಿಗೆ ಎಲ್ಲಕ್ಕಿಂತ ಆಳವಾಗಿ ನಾಟಿತು. ಅಮ್ಮ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡಳು. ಸುಳ್ಳೇ ಆಗಿರಲಿ ಎಂದು ಬಯಸಿದಳು.

ಮುಂದಿನ ಗುರುವಾರ ಸುಂದರಮ್ಮ ಸೀರೆ ಬದಲಿಸಲಿಲ್ಲ. “ನಾನು ಬರಲ್ಲ” ಎಂದು ಕಿಟಕಿಯ ಪಕ್ಕ ಕೂತಳು. ಮಾರನೆಯ ದಿನ ಬೀರುವಿನಿಂದ ಪಂಚೆಗಳು ಹೊರಬಂದವು. ಕಾಫಿ ನಿಂತಿತು. ನಾಚಿಕೆಯ ಮಾತೆಂದರೆ, ಪಕ್ಕದ ಕೋಣೆಯಲ್ಲಿ ಮೇಘಶ್ರೀ ಖಾಲಿ ಕುರ್ಚಿ ನೋಡುತ್ತಾ ಕೂತದ್ದನ್ನು ಕಂಡು ಹಂಸಳಿಗೆ ಮೊದಲು ತೃಪ್ತಿಯೇ ಆಯಿತು. ಆ ತೃಪ್ತಿ ಮನೆಗೆ ಬಂದು ಅಮ್ಮನ ತಟ್ಟೆಯಲ್ಲಿ ಮುಟ್ಟದೆ ಬಿಟ್ಟ ಅನ್ನ ನೋಡುವವರೆಗೆ ಇತ್ತು.

“ಅಮ್ಮಾವ್ರು ಯಾಕ್ ಬರ್ಲಿಲ್ಲ ಮೇಡಂ?” ಎಂದು ಮೇಘಶ್ರೀಯೇ ಬಾಗಿಲಿಗೆ ಬಂದಳು.

“ಅವರ ಮಾತನ್ನ ಸಭೇಲಿಟ್ಟು ಈಗ ಯಾಕೆ ಬರ್ಲಿಲ್ಲ ಅಂತ ಕೇಳ್ತೀಯಲ್ಲ” ಎಂದಳು ಹಂಸ. “ಅವತ್ತು ಹೇಳಿದ್ದು ನಮ್ಮಮ್ಮನ ವಿಷಯ ಅಂತ ಗೊತ್ತಾಗದಷ್ಟು ದಡ್ಡಿ ಅಲ್ಲ ನಾನು.”

ಮೇಘಶ್ರೀಯ ಮುಖ ಕೆಂಪೇರಿತು. ಸಭೆಯ ಭಾಷೆಯೆಲ್ಲ ಎಲ್ಲಿ ಹೋಯಿತೋ, ಬಾಯಲ್ಲಿ ಹಿರೀಸಾವೆ ಬಂತು.

“ನಿಮ್ಮವ್ವನ್ ಮಾತ ನಿಮ್ ಮುಂದ್ಗಡೆ ಇಡ್ತೀನಾ ನಾನು? ಅದ್ಕೇಯ ಅವ್ರ್ ವಿಸ್ಯವ ಮೈಸೂರ್ ಸಾರ್ ತಾವ ಬ್ಯಾರೆಯಾಗಿ ಫೋನ್ ಮಾಡಿ ಮಾತಾಡ್ತಿವ್ನಿ. ಅವತ್ತು ಏಳಿದ್ದು ಬ್ಯಾರೆಯೋರ್ದು. ಇಷ್ಟು ಏಳಾದೂ ತಪ್ಪೇಯ, ಆದ್ರೂ ಏಳ್ತೀನಿ.” ಅವಳ ಕಣ್ಣಲ್ಲಿ ನೀರು ತುಂಬಿತು. “ಈ ಜಿಲ್ಲೇಲಿ ಓದಿದ್ ಮಗಳಿಗೆ ಎದರ್ಕೊಳೋ ತಾಯಿ ಒಬ್ಳೇನಾ ಮೇಡಂ?”

 ಸಭೆಯಲ್ಲಿ ಕೇಳಿದ ಆ ಹೆಂಗಸು ನಿಜಕ್ಕೂ ಹಳ್ಳಿಯವರಿರಬಹುದು ಅಥವಾ ಮತ್ತೆಲ್ಲಿಯವರೋ, ಅಂತೂ ಯಾರದೋ ತಾಯಿ. ಬೇರೆಯವರ ಅಮ್ಮನ ಮಾತನ್ನು ಹಂಸ ಕದ್ದು ತಂದು ತನ್ನ ಅಮ್ಮನ ಬಾಯಿಗೆ ತುರುಕಿದ್ದಳು. ಅಮ್ಮನಿಗೆ ಸಿಕ್ಕ ಒಂದೇ ಒಂದು ಜಾಗವನ್ನು ಕಿತ್ತುಕೊಂಡಿದ್ದಳು. ಇದನ್ನು ಸರಿಮಾಡದಿದ್ದರೆ ಅಮ್ಮ ಆ ಕಿಟಕಿಯ ಪಕ್ಕದಲ್ಲೇ ಒಣಗಿಹೋಗುತ್ತಾಳೆಂದು ತಿಳಿಯಲು ಅವಳಿಗೆ ಯಾವ ಡಿಪ್ಲೊಮಾವೂ ಬೇಕಿರಲಿಲ್ಲ.

ಮನೆಗೆ ಬಂದು ಅಮ್ಮನ ಎದುರು ನೆಲದ ಮೇಲೆ ಕೂತಳು.

“ಮೇಘಶ್ರೀ ಏನೂ ಹೇಳಿಲ್ಲ ಅಮ್ಮ. ಇನ್ಯಾರದೋ ಮಾತನ್ನ ನಿಂದು ಅಂದ್ಕೊಂಡೆ.”

“ಯಾಕೆ ಹಾಗಂದ್ಕೊಂಡೆ?”

“ಹೊಟ್ಟೆಕಿಚ್ಚು” ಎಂದಳು ಹಂಸ. ಒಂದು ಸಲ ಬಾಯಿಂದ ಬಂದ ಮೇಲೆ ಉಳಿದದ್ದೂ ಹಿಂದೆಯೇ ಬಂತು. “ನೀನು ಅವಳ ಹತ್ರ ನಗ್ತೀಯ. ವೈಜು ಹತ್ರ ನಗ್ತಿದ್ದೆ. ನಾನು ಬಂದ್ರೆ ಏನಿಲ್ಲ ಅಂತೀಯ. ಬೋಂಡಾ ತಿಂದದ್ದು ಹೇಳ್ದಾಗ ನಾನು ಎಷ್ಟು ಚಿಕ್ಕವಳು ಅಮ್ಮ? ಜಿಲ್ಲೆಯ ಜನವೆಲ್ಲ ನನಗೆ ಹೇಳ್ತಾರೆ, ನೀನೊಬ್ಳು ಹೇಳಲ್ಲ.”

 ಸುಂದರಮ್ಮ ಕೈಯಲ್ಲಿದ್ದ ಪಂಚೆಯ ಅಂಚನ್ನು ಸವರುತ್ತಿದ್ದಳು.

“ನಿನ್ನ ಹತ್ರ ಬರೋ ಹೆಂಗಸರಿಗೂ ಹೆಣ್ಣುಮಕ್ಕಳು ಇರ್ತಾರಲ್ವೇನೆ?” ಎಂದಳು ಕೊನೆಗೆ. “ಅವರಿಗೆ ಹೇಳದ್ದನ್ನ ನಿನಗೆ ಯಾಕೆ ಹೇಳ್ತಾರೆ?”

ಹಂಸಳಿಗೆ ಉತ್ತರ ಗೊತ್ತಿತ್ತು. ಎಷ್ಟೋ ತರಬೇತಿಗಳಲ್ಲಿ ತಾನೇ ನಿಂತು ಹೇಳಿದ ಉತ್ತರ. 

“ನಿನಗೆ ಹೇಳ್ಬಿಟ್ಟು ಬಸ್ಸು ಹತ್ತಿ ಹೋಗ್ಬಹುದು” ಎಂದಳು ಅಮ್ಮ. “ನಾನು ನಿನಗೆ ಹೇಳಿದ್ರೆ ಬೆಳಿಗ್ಗೆ ಎದ್ದು ನಿನ್ನ ಮುಖ ನೋಡ್ಬೇಕಲ್ಲ. ನಿಮ್ಮಪ್ಪ ನಿನಗೆ ದೇವರು. ಆ ದೇವರ ಮೇಲೆ ನಾನು ಹೇಳ್ಕೊಳೋದು ಏನಾದ್ರೂ ಇದ್ರೆ, ಅದನ್ನ ನಿನ್ನ ಮುಂದೆ ಹೇಳ್ಲಾ?”

ಹಂಸ ಅಮ್ಮನ ಕೈಯಿಂದ ಪಂಚೆ ತೆಗೆದುಕೊಂಡು ಮಡಿಸಿ ಬೀರುವಿನಲ್ಲಿಟ್ಟಳು.

ಮುಂದಿನ ಗುರುವಾರ ಅವಳು ತನ್ನ ಕೋಣೆಗೆ ಹೋಗಲಿಲ್ಲ. ಪಕ್ಕದ ಗೋಡೆಯ ಬಳಿ ಕೂರುವ ಧೈರ್ಯ ಅವಳಿಗಿರಲಿಲ್ಲ. ಅಮ್ಮನನ್ನು ಮೇಘಶ್ರೀಯ ಬಾಗಿಲವರೆಗೆ ಬಿಟ್ಟು ಹೊರಗಿನ ಬೆಂಚಿನ ಮೇಲೆ ಕೂತಳು. ಅಷ್ಟು ವರ್ಷಗಳಿಂದ ಆ ಬೆಂಚನ್ನು ನೋಡಿದ್ದವಳು, ಅದರ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಬೆನ್ನಿಗೆ ಗೋಡೆ ತಣ್ಣಗೆ ಹತ್ತುತ್ತಿತ್ತು. ಮುಚ್ಚಿದ ಬಾಗಿಲು ಬಿಟ್ಟರೆ ನೋಡಲು ಬೇರೇನೂ ಇರಲಿಲ್ಲ. ಅವಳಿಗೆ ಕಾಂತರಾಜು ನೆನಪಾದ. ಫೋನನ್ನು ಅಂಗೈಯಲ್ಲಿ ತಿರುಗಿಸುತ್ತಾ ಇದೇ ಬಾಗಿಲುಗಳ ಕಡೆ ನೋಡುತ್ತಿದ್ದವನು, ‘ನಂಗೇಳ್ದೆ ಇರಾದ್ನ ನಿಮ್ಗೇಳ್ತಾಳಾ’ ಎಂದವನು. ಅವನ ಮುಖದ ಮೇಲೆ ಬಾಗಿಲು ಎಳೆದುಕೊಂಡು ತಾನು ಹಿಗ್ಗಿದ್ದೂ ನೆನಪಾಯಿತು. ಒಳಗಿನಿಂದ ಅಮ್ಮನ ನಗು ಕೇಳಿಸಿತು. ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಹೋಗುವಂಥದ್ದಲ್ಲ ಅದು, ಹೋಗಲೂ ಇಲ್ಲ. ಅವಳು ಎದ್ದು ಹೋಗದೆ ಅದನ್ನು ಕಟ್ಟಿಕೊಂಡು ಕೂತೇ ಇದ್ದಳು.

ಸುಂದರಮ್ಮ ಕಣ್ಣೊರೆಸಿಕೊಳ್ಳುತ್ತಾ ಹೊರಬಂದಳು. ಮೇಘಶ್ರೀ ಬಾಗಿಲಲ್ಲಿ ನಿಂತು ಹಂಸಳ ಕಡೆ ನೋಡಿ ತಲೆಯಾಡಿಸಿದಳು. ಹಂಸ ಏನೂ ಕೇಳಲಿಲ್ಲ. ಅಮ್ಮನ ಕೈಹಿಡಿದು ಮೆಟ್ಟಿಲು ಇಳಿಸಿದಳು.

ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗ ಒಂದು ತಳ್ಳುಗಾಡಿಯ ಮುಂದೆ ಸುಂದರಮ್ಮ ನಿಂತುಬಿಟ್ಟಳು. ಬಾಣಲೆಯಲ್ಲಿ ಎಣ್ಣೆ ಚುರುಗುಟ್ಟುತ್ತಿತ್ತು. ಅಜ್ಜಿ ಸತ್ತು ಎಷ್ಟೋ ಕಾಲವಾಗಿತ್ತು. ಅಪ್ಪನೂ ಇರಲಿಲ್ಲ. ಬೈಯುವವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಆದರೂ ಆಕೆ ಅತ್ತಿತ್ತ ನೋಡಿ, ಸೊಂಟಕ್ಕೆ ಸಿಕ್ಕಿಸಿದ್ದ ದುಡ್ಡಿನ ಸಂಚಿ ತೆಗೆದು ಈರುಳ್ಳಿ ಬೋಂಡಾ ಕೊಂಡು, ಒಂದನ್ನು ಮಗಳ ಕೈಗಿಟ್ಟಳು.

“ಇದನ್ನಾದ್ರೂ ಯಾರಿಗೂ ಹೇಳ್ಬೇಡ” ಎಂದಳು.

ಇಬ್ಬರೂ ನಿಂತಲ್ಲೇ ತಿಂದರು. ಅಮ್ಮ ಬಾಯಿ ಸುಟ್ಟುಕೊಂಡಳು. ಅಷ್ಟರಲ್ಲಿ ಹಂಸಳ ಫೋನು ಬಡಿದುಕೊಂಡಿತು. ಮೈಸೂರಿನಿಂದ ವೈಜು.

“ಏನೇ ಅದು, ಹಿಂದೆ ಅಮ್ಮ ನಗ್ತಾ ಇರೋದಾ? ಏನ್ ಮಾಡ್ತಿದೀರಿ ಇಬ್ರೂ?”

ಹಂಸ ಅಮ್ಮನ ಮುಖ ನೋಡಿದಳು. ಬಾಯಲ್ಲಿದ್ದದ್ದನ್ನು ನುಂಗಿಕೊಂಡಳು.

“ಏನಿಲ್ಲ” ಎಂದಳು.